ಓತಿಯ ಬಣ್ಣ, ಕಾಡಿನ ಬೆಳಕು

(ವಿಜ್ಞಾನಾಸಕ್ತ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವು ವಿವರ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓತಿಯ ಬಣ್ಣ ಅಂದ ಕೂಡಲೇ ನಮಗೆ ನೆನಪಾಗುವುದು ಅಡಗಿಕೊಳ್ಳುವ ವಿಷಯ. ಎಲೆ ಮೇಲಿದ್ದರೆ ಹಸಿರು, ತೊಗಟೆ ಮೇಲಿದ್ದರೆ ಕಂದು. ಅದು ನಿಜವೇ. ಆದರೆ ಇವತ್ತು ನಾನು ಮಾತಾಡುವುದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡುವ ಬಣ್ಣದ ಬಗ್ಗೆ. ಕಾಣಿಸಿಕೊಳ್ಳಲಿಕ್ಕೆಂದೇ ಇರುವ ಬಣ್ಣ ಅದು. ಗಂಡು ಓತಿ ಗಂಟಲು ಅರಳಿಸಿ, ತಲೆಯನ್ನು ಮೇಲೆ ಕೆಳಗೆ ಆಡಿಸಿ, ಈ ಜಾಗ ನನ್ನದು ಎಂದು ಪಕ್ಕದ ಗಂಡಿಗೂ, ಇಲ್ಲಿದ್ದೇನೆ ಎಂದು ಹೆಣ್ಣಿಗೂ ತಿಳಿಸುತ್ತದಲ್ಲ, ಆ ಬಣ್ಣ.

ಇಂಥ ಬಣ್ಣಕ್ಕೆ ಒಂದು ಕಷ್ಟ ಇದೆ. ಅದು ಕೆಲವು ಮೀಟರ್ ದೂರದಲ್ಲಿರುವ ಇನ್ನೊಂದು ಓತಿಯ ಕಣ್ಣಿಗೆ ಬೀಳಬೇಕು. ಅದೂ ಅಲುಗಾಡುವ ಎಲೆ, ಬಿಸಿಲಿನ ಚುಕ್ಕೆ, ನೆರಳು, ಬಳ್ಳಿಗಳ ನಡುವೆ. ಜೊತೆಗೆ ಬಣ್ಣ ಅನ್ನುವುದು ಚರ್ಮದಲ್ಲಿ ಮಾತ್ರ ಇರುವ ವಸ್ತುವಲ್ಲ. ಮೊದಲು ಚರ್ಮದ ಮೇಲೆ ಬೆಳಕು ಬೀಳಬೇಕು. ಆ ಬೆಳಕಿನಲ್ಲಿ ಏನಿದೆಯೋ ಅದರಲ್ಲಿ ಒಂದು ಪಾಲನ್ನು ಮಾತ್ರ ಚರ್ಮ ವಾಪಸ್ ಕಳಿಸಬಲ್ಲದು. ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಎಷ್ಟು ಕೆಂಪು ಚರ್ಮವಿದ್ದರೂ ಪ್ರಯೋಜನವಿಲ್ಲ. ಹಳೆಯ ಹಳದಿ ಸೋಡಿಯಂ ಬೀದಿದೀಪದ ಕೆಳಗೆ ನಿಲ್ಲಿಸಿದ ಕೆಂಪು ಸ್ಕೂಟರ್ ಮಂಕು ಕಂದಾಗಿ ಕಾಣುತ್ತಿದ್ದದ್ದು ನಿಮಗೆ ನೆನಪಿರಬಹುದು. ಸ್ಕೂಟರಿನ ಪೇಂಟ್ ಬದಲಾಗಿರಲಿಲ್ಲ, ಬೆಳಕು ಬದಲಾಗಿತ್ತು.

ಹಾಗಾದರೆ ಕಾಡಿನೊಳಗಿನ ಬೆಳಕು ಎಂಥದ್ದು? ನಾವು ಸುಮ್ನೆ ಬಿಸಿಲು, ನೆರಳು ಎಂದು ಎರಡು ಭಾಗ ಮಾಡಿ ಬಿಡುತ್ತೇವೆ. 1993ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಕಾಡುಗಳ ಬೆಳಕನ್ನು ಅಳೆದು ತೋರಿಸಿದ್ದು ಬೇರೆಯೇ ಚಿತ್ರ. ಒತ್ತಾದ ಕಾಡಿನ ಒಳಗೆ ಬೆಳಕು ಎಲೆಗಳ ಮೂಲಕ ಸೋಸಿ ಬರುತ್ತದೆ, ಹಾಗಾಗಿ ಅದು ಹಸಿರು ಕಡೆಗೆ ವಾಲಿರುತ್ತದೆ. ಮರಗಳು ವಿರಳವಾಗಿದ್ದರೆ ಕತೆ ಬೇರೆ. ಅಲ್ಲಿ ನೆರಳಿನಲ್ಲಿ ನಿಂತರೆ ಸೂರ್ಯ ಮರೆಯಾಗಿರುತ್ತಾನೆ, ಆದರೆ ತಲೆಯ ಮೇಲೆ ನೀಲಿ ಆಕಾಶ ತೆರೆದಿರುತ್ತದೆ. ಆ ನೆರಳು ನೀಲಿ ನೆರಳು. ಮೇಲಿನ ಎಲೆಗಳ ಸಂದಿಯಲ್ಲಿ ಸಣ್ಣ ಕಿಂಡಿಯಿದ್ದು, ಅದರಿಂದ ನೇರ ಬಿಸಿಲು ಇಳಿದರೆ ಅಲ್ಲಿ ಆಕಾಶದ ನೀಲಿ ಪಾಲು ಕಡಿಮೆ, ಸೂರ್ಯನ ಪಾಲು ಜಾಸ್ತಿ. ಆ ಬೆಳಕು ಕೆಂಪು-ಹಳದಿ ಕಡೆಗೆ ವಾಲುತ್ತದೆ. ದೊಡ್ಡ ಬಯಲಿನಲ್ಲಿ ಎಲ್ಲ ಸೇರಿ ಬಿಳಿ. ಬೆಳಗ್ಗೆ, ಸಂಜೆ ಸೂರ್ಯ ದಿಗಂತದ ಹತ್ತಿರ ಇದ್ದಾಗ ಬೆಳಕು ವಾತಾವರಣದಲ್ಲಿ ಬಹಳ ದೂರ ಹಾದು ಬರಬೇಕು. ದಾರಿಯಲ್ಲಿ ಓಝೋನ್ ಅದರ ಹಳದಿ-ಕಿತ್ತಳೆ ಭಾಗವನ್ನು ಹೀರಿಕೊಳ್ಳುತ್ತದೆ. ಉಳಿಯುವುದು ನೇರಳೆ ಛಾಯೆ.

ಇದಕ್ಕೂ ಒಂದು ವರ್ಷ ಮೊದಲು, 1992ರಲ್ಲಿ, ಇದೇ ಎಂಡ್ಲರ್ ಒಂದು ವಾದ ಮುಂದಿಟ್ಟಿದ್ದರು. ಪ್ರಾಣಿಗಳ ಸಂಕೇತ, ಅದನ್ನು ನೋಡುವ ಕಣ್ಣು, ಅದು ಕೆಲಸ ಮಾಡಬೇಕಾದ ಜಾಗ, ಈ ಮೂರನ್ನು ಬೇರೆ ಬೇರೆಯಾಗಿ ನೋಡಿದರೆ ಅರ್ಥವಾಗುವುದಿಲ್ಲ, ಒಂದು ಇನ್ನೊಂದನ್ನು ಎಳೆದುಕೊಂಡೇ ವಿಕಾಸವಾಗುತ್ತವೆ ಎಂದು. ಇದಕ್ಕೆ ಸೆನ್ಸರಿ ಡ್ರೈವ್ ಎಂದು ಹೆಸರಾಯಿತು. ಕೇಳಲಿಕ್ಕೆ ಸರಳ. ಆದರೆ ಸಾಬೀತು ಮಾಡಲು ಒಂದು ಒಳ್ಳೆಯ ಜಾಗ ಬೇಕು. ಒಂದೇ ಜಾತಿಯ ಪ್ರಾಣಿ, ಎರಡು ಬೇರೆ ಬೆಳಕಿನಲ್ಲಿ ಬದುಕುತ್ತಿರಬೇಕು.

ಅಂಥ ಜಾಗ ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪ. ಈಶಾನ್ಯದಿಂದ ಬೀಸುವ ಗಾಳಿ ಅಲ್ಲಿನ ಬೆಟ್ಟಸಾಲಿಗೆ ಬಡಿದು ಮಳೆ ಸುರಿಸುತ್ತದೆ. ಎಲ್ ಯುಂಕೆ ಮಳೆಕಾಡಿನ ಮೇಲ್ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟದ ಮರೆಗೆ ಬಿದ್ದ ನೈಋತ್ಯದ ಗುವಾನಿಕಾದಲ್ಲಿ 1,000 ಮಿಲಿಮೀಟರ್ ಕೂಡ ಇಲ್ಲ. ಅಲ್ಲಿ ಕುರುಚಲು ಮರ, ಪಾಪಸುಕಳ್ಳಿ. ಎರಡರ ನಡುವೆ ನೇರ ದೂರ ಸುಮಾರು 120 ಕಿಲೋಮೀಟರ್. ಆಗುಂಬೆಯಲ್ಲಿ ನಿಂತವರು ಚಿತ್ರದುರ್ಗದ ಬಂಡೆಗಳಿಗೆ ಹೋದ ಹಾಗೆ ಅಂದುಕೊಳ್ಳಿ.

ಈ ಎರಡೂ ಕಡೆ ಸಿಗುವ ಒಂದು ಪುಟ್ಟ ಕಂದು ಹಲ್ಲಿ ಅನೋಲಿಸ್ ಕ್ರಿಸ್ಟಾಟೆಲಸ್. ಅನೋಲ್ ಎಂಬ ದೊಡ್ಡ ಬಳಗಕ್ಕೆ ಸೇರಿದ್ದು. ಅಮೆರಿಕ ಖಂಡಗಳಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ ಇವುಗಳ 400ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಬೇಲಿ ಮೇಲಿನ ಓತಿಕೇತಕ್ಕಿಂತ ಚಿಕ್ಕದು. ಸುಮ್ಮನೆ ಕೂತಾಗ ತೊಗಟೆಗೆ ತೊಗಟೆ, ಗೊತ್ತೇ ಆಗುವುದಿಲ್ಲ.

ಗಂಟಲು ಬಿಚ್ಚಿದಾಗ ನೋಡಬೇಕು. ಗಂಟಲ ಕೆಳಗೆ ಮಡಚಿಟ್ಟ ತೆಳು ಚರ್ಮವಿದೆ. ಅದರೊಳಗೆ ನಾಲಿಗೆಯ ಬುಡದ ಮೂಳೆಗೆ ಸೇರಿದ ಉದ್ದನೆಯ ಮೃದ್ವಸ್ಥಿಯ ಕಡ್ಡಿ. ಸ್ನಾಯು ಎಳೆದಾಗ ಆ ಕಡ್ಡಿ ಮುಂದಕ್ಕೆ ತಿರುಗುತ್ತದೆ, ಚರ್ಮ ಅರ್ಧವೃತ್ತವಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಗಂಟಲಪಟ ಎಂದು ಕರೆಯೋಣ. ಮಡಚಿದಾಗ ಒತ್ತೊತ್ತಾಗಿದ್ದ ಹುರುಪೆಗಳು ಈಗ ದೂರ ಸರಿದು ಸಾಲುಸಾಲಾಗಿ ನಿಲ್ಲುತ್ತವೆ, ನಡುವೆ ಬಣ್ಣದ ಚರ್ಮ ಕಾಣುತ್ತದೆ. ಕ್ರಿಸ್ಟಾಟೆಲಸ್ ಗಂಡಿನಲ್ಲಿ ನಡುವೆ ಹಸಿರು ಮಿಶ್ರಿತ ಹಳದಿ, ಅಂಚಿನಲ್ಲಿ ಕೆಂಪು-ಕಿತ್ತಳೆ. ಕ್ಷಣಹೊತ್ತು ಬಿಚ್ಚಿ ಮತ್ತೆ ಮಡಚಿಬಿಡುತ್ತದೆ. ಹದ್ದು, ಹಾವು ನೋಡುವ ಮೊದಲೇ ಅದು ಮತ್ತೆ ತೊಗಟೆ. ಒಂದೇ ಮೈಯಲ್ಲಿ ಅಡಗುವ ಬಣ್ಣ, ಕಾಣಿಸುವ ಬಣ್ಣ ಎರಡನ್ನೂ ಇಟ್ಟುಕೊಳ್ಳಲು ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ನನಗೆ ಗೊತ್ತಿಲ್ಲ.

ಇದನ್ನು ನೋಡುವ ಕಣ್ಣು ನಮ್ಮ ಕಣ್ಣಲ್ಲ, ಇದನ್ನು ಮರೆಯಬಾರದು. ಬಣ್ಣ ಗುರುತಿಸಲು ನಮಗೆ ಮೂರು ಬಗೆಯ ಶಂಕು ಕೋಶಗಳಿವೆ. ಅನೋಲ್‌ಗಳಿಗೆ ನಾಲ್ಕು. ನಾಲ್ಕನೆಯದು ನಮಗೆ ಕಾಣದ ನೇರಳಾತೀತ ಬೆಳಕಿಗೆ ಸ್ಪಂದಿಸುತ್ತದೆ. ಹಾಗಾಗಿ ನಮಗೆ ಒಂದೇ ಥರ ಕಾಣುವ ಎರಡು ಹಳದಿ ಅವಕ್ಕೆ ಬೇರೆ ಬೇರೆ ಆಗಿರಬಹುದು. ಇನ್ನೊಂದು ಕಡೆ, ಮಬ್ಬು ಬೆಳಕಿನಲ್ಲಿ ನಮಗೆ ನೆರವಾಗುವ ದಂಡಕೋಶಗಳು ಅವಕ್ಕಿಲ್ಲ. ಅದು ಹಗಲಿನ ಪ್ರಾಣಿ. ಬೆಳಕು ಕಡಿಮೆಯಾದಂತೆ ಒಂದು ಬಣ್ಣದಿಂದ ಇನ್ನೊಂದನ್ನು ಬೇರೆ ಮಾಡಿ ನೋಡುವುದು ಅದಕ್ಕೆ ಕಷ್ಟವಾಗುತ್ತಾ ಹೋಗುತ್ತದೆ.

ಹಲ್ಲಿಗೆ ಏನು ಕಾಣುತ್ತದೆ ಎಂದು ಅದನ್ನೇ ಕೇಳುವುದು ಹೇಗೆ? ಅಮೆರಿಕದ ಯೂನಿಯನ್ ಕಾಲೇಜಿನ ಲಿಯೋ ಫ್ಲೈಶ್‌ಮನ್ ಮತ್ತು ಜೊತೆಗಾರರು ಬಳಸಿದ ದಾರಿ ನನಗೆ ತುಂಬ ಇಷ್ಟ. ಅನೋಲ್‌ನ ಕಣ್ಣಂಚಿನಲ್ಲಿ ಏನಾದರೂ ತಟ್ಟನೆ ಅಲುಗಿದರೆ ಆ ಕಡೆಗೆ ಅದು ಕಣ್ಣು ಹೊರಳಿಸುತ್ತದೆ. ಹಾಗಾಗಿ ಒಂದು ಬಣ್ಣದ ಹಿನ್ನೆಲೆ ಇಟ್ಟು, ಅದರ ಮುಂದೆ ಇನ್ನೊಂದು ಬಣ್ಣದ ಪುಟ್ಟ ಚೂರನ್ನು ಅಲುಗಾಡಿಸುವುದು. ಕಣ್ಣು ಹೊರಳಿದರೆ ಕಂಡಿದೆ. ಹೊರಳದಿದ್ದರೆ ಹಿನ್ನೆಲೆಯಲ್ಲಿ ಕರಗಿಹೋಗಿದೆ. ಇಷ್ಟು ಸರಳ ಪರೀಕ್ಷೆಯಿಂದ ಯಾವ ಬಣ್ಣ, ಎಷ್ಟು ಬೆಳಕಿನಲ್ಲಿ, ಯಾವ ಹಿನ್ನೆಲೆಯ ಮುಂದೆ ಕಾಣುತ್ತದೆ ಎಂದು ಲೆಕ್ಕ ಹಾಕಬಹುದು.

ಈಗ ಮುಖ್ಯ ಅಧ್ಯಯನಕ್ಕೆ ಬರುತ್ತೇನೆ. 2004ರಲ್ಲಿ ಮ್ಯಾನುಯೆಲ್ ಲಿಯಲ್ ಮತ್ತು ಫ್ಲೈಶ್‌ಮನ್ ಪೋರ್ಟೊರಿಕೊದ ಕ್ರಿಸ್ಟಾಟೆಲಸ್‌ನ ನಾಲ್ಕು ಗುಂಪುಗಳನ್ನು ಹೋಲಿಸಿದ ಫಲಿತಾಂಶ ಪ್ರಕಟಿಸಿದರು. ಎರಡು ತೇವದ ಕಾಡಿನವು, ಎರಡು ಒಣ ಕಾಡಿನವು. ಆಯಾ ಜಾಗದ ಬೆಳಕನ್ನು ಅಳೆದರು. ಹಿನ್ನೆಲೆಯನ್ನು ಅಳೆದರು. ಗಂಟಲಪಟದಿಂದ ಎಷ್ಟು ಬೆಳಕು ಪ್ರತಿಫಲಿಸುತ್ತದೆ, ಎಷ್ಟು ಅದರೊಳಗಿಂದ ಹಾದು ಬರುತ್ತದೆ ಎರಡನ್ನೂ ಅಳೆದರು. ಸಿಕ್ಕಿದ್ದು ಇದು: ನೆರಳಿನ, ತೇವದ ಕಾಡಿನ ಗಂಡುಗಳ ಗಂಟಲಪಟ ಹೆಚ್ಚು ಬೆಳಕನ್ನು ಹೊರಗೆ ಬಿಡುತ್ತದೆ, ಅಂದರೆ ಹೆಚ್ಚು ತಿಳಿ. ಬಿಸಿಲಿನ, ಒಣ ಕಾಡಿನವುಗಳದ್ದು ಗಾಢ. ಪ್ರತಿಯೊಂದೂ ತನ್ನ ಊರಿನ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಇನ್ನೊಂದರ ಊರಿಗೆ ಒಯ್ದರೆ ಅಷ್ಟು ಕಾಣುವುದಿಲ್ಲ.

ಇದು ಯಾಕೆ ಹೀಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ಉಪನ್ಯಾಸದ ತಿರುಳು ಇಲ್ಲಿದೆ. ಬಿಸಿಲಿನ ಜಾಗದಲ್ಲಿ ಬೆಳಕಿಗೆ ಬರವಿಲ್ಲ. ಹಿಂದಿನ ಎಲೆಗಳು ಹೊಳೆಯುತ್ತಿವೆ, ಆಕಾಶ ಹೊಳೆಯುತ್ತಿದೆ. ಅಲ್ಲಿ ಇನ್ನೊಂದು ಹೊಳೆಯುವ ಚೂರು ತಂದರೆ ಯಾರೂ ಗಮನಿಸುವುದಿಲ್ಲ. ಗಾಢವಾದದ್ದು ಎದ್ದು ಕಾಣುತ್ತದೆ. ಒತ್ತು ಕಾಡಿನ ನೆಲದ ಹತ್ತಿರ ಕತೆ ತಿರುಗುಮುರುಗು. ಮಳೆಕಾಡಿನ ಮೇಲೆ ಬಿದ್ದ ಬೆಳಕಿನಲ್ಲಿ ನೆಲ ಮುಟ್ಟುವುದು ಸಾಮಾನ್ಯವಾಗಿ ಶೇಕಡಾ 1ರಿಂದ 2 ಮಾತ್ರ. ಅಲ್ಲಿ ಗಾಢ ಕೆಂಪು ಪಟ ಬಿಚ್ಚಿದರೆ ಅದರಿಂದ ಹೊರಡುವ ಬೆಳಕು ಎಷ್ಟು ಕಡಿಮೆ ಎಂದರೆ, ಅದು ಕೆಂಪು ಎಂದು ಗುರುತಿಸುವಷ್ಟು ಮಾಹಿತಿಯೇ ಕಣ್ಣಿಗೆ ತಲುಪುವುದಿಲ್ಲ. ಕಪ್ಪು ನೆರಳಿನಲ್ಲಿ ಇನ್ನೊಂದು ಕಪ್ಪು ಚುಕ್ಕೆ, ಅಷ್ಟೇ. ಸಿಕ್ಕ ಅಲ್ಪ ಬೆಳಕನ್ನು ನುಂಗದೆ ಹೊರಗೆ ಬಿಡುವ ಚರ್ಮ ಅಲ್ಲಿ ಗೆಲ್ಲುತ್ತದೆ. ಬೆಳಕಿನ ಬಣ್ಣದಷ್ಟೇ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ, ಬೆಳಕಿನ ಪ್ರಮಾಣ ಮುಖ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅದೇ ದ್ವೀಪದ ಹುಲ್ಲು-ಪೊದೆಗಳಲ್ಲಿ ಇನ್ನೆರಡು ಸಣ್ಣ ಅನೋಲ್‌ಗಳಿವೆ. ಬಿಸಿಲು ಸುಡುವ ಬಯಲು ಹುಲ್ಲಿನ ಪುಲ್ಚೆಲಸ್‌ನದ್ದು ಗಾಢ ಕೆಂಪು ಗಂಟಲಪಟ. ನೆರಳು ಹೆಚ್ಚಿರುವ ಕಡೆ ಸಿಗುವ ಕ್ರುಗಿಯದ್ದು ತಿಳಿ ಕಿತ್ತಳೆ. ನೈಋತ್ಯದ ಒಣ ಕರಾವಳಿಯಲ್ಲಿ ಕ್ರಿಸ್ಟಾಟೆಲಸ್ ಜೊತೆಗೇ ಬದುಕುವ ಕುಕಿ ಎಂಬ ಜಾತಿಯದ್ದೂ ಸ್ವಾರಸ್ಯದ ಕತೆ. ಎರಡೂ ಒಂದೇ ಗಾತ್ರ, ಕೂರುವುದು ಒಂದೇ ಥರದ ಕಾಂಡಗಳ ಮೇಲೆ. ಜಾಗ ಹೇಗೆ ಹಂಚಿಕೊಂಡಿವೆ ಎನ್ನುವುದೇ ಒಗಟಾಗಿತ್ತು. 2002ರಲ್ಲಿ ಲಿಯಲ್ ಮತ್ತು ಫ್ಲೈಶ್‌ಮನ್ ಅಳೆದು ನೋಡಿದಾಗ ಅವು ಹಂಚಿಕೊಂಡದ್ದು ಬೆಳಕನ್ನು ಎಂದು ತಿಳಿಯಿತು. ಎರಡರ ಜಾಗದಲ್ಲಿ ಬೀಳುವ ನೇರಳಾತೀತ ಬೆಳಕು ಬೇರೆ, ಗಂಟಲಪಟ ಅದನ್ನು ಪ್ರತಿಫಲಿಸುವ ರೀತಿಯೂ ಬೇರೆ. ನಮ್ಮ ಕಣ್ಣಿಗೆ ಆ ಗಡಿ ಕಾಣುವುದೇ ಇಲ್ಲ!

ಇನ್ನು ಹಾದು ಬರುವ ಬೆಳಕಿನ ವಿಷಯ. ಬಿಚ್ಚಿದ ಗಂಟಲಪಟ ಎಷ್ಟು ತೆಳು ಎಂದರೆ, ಹಿಂದಿನಿಂದ ಬಿಸಿಲು ಬಿದ್ದಾಗ ಒಳಗೆ ದೀಪ ಹೊತ್ತಿಸಿದಂತೆ ಉರಿಯುತ್ತದೆ. ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕಿನಲ್ಲಿ ಸ್ವಲ್ಪ ಬಿಳಿ ಬೆರೆತೇ ಇರುತ್ತದೆ. ಚರ್ಮದೊಳಗಿಂದ ಹಾದು ಬಂದ ಬೆಳಕು ವರ್ಣದ್ರವ್ಯದಲ್ಲಿ ಸೋಸಿ ಬಂದದ್ದು. ಬಣ್ಣ ಹೆಚ್ಚು ಶುದ್ಧ, ಹಿಂದಿನ ಎಲೆಹಸಿರಿನಿಂದ ಹೆಚ್ಚು ದೂರ. ಜಮೈಕಾದ ಅನೋಲ್ ಒಂದರ ಮೇಲೆ ಫ್ಲೈಶ್‌ಮನ್ ತಂಡ 2016ರಲ್ಲಿ ಇದನ್ನೇ ತೋರಿಸಿತು.

ಇದೇ ಕೆಲಸವನ್ನು ಏಷ್ಯಾದ ಹಾರುವ ಓತಿಗಳೂ ಮಾಡುತ್ತವೆ. ಬೋರ್ನಿಯೊದ ಡ್ರೇಕೊ ಸುಮಾತ್ರಾನಸ್ ಬಗ್ಗೆ 2017ರಲ್ಲಿ ಬಂದ ಅಧ್ಯಯನವೊಂದು ಹೇಳುವ ಪ್ರಕಾರ, ಗಂಡು ಪ್ರದರ್ಶನ ಕೊಡುವಾಗ ಸೂರ್ಯನ ಕಿರಣಗಳಿಗೆ ಅಡ್ಡಲಾಗುವಂತೆ ಮೈ ತಿರುಗಿಸಿಕೊಳ್ಳುತ್ತದೆ. ಆಗ ಗಂಟಲಪಟ ಹೆಚ್ಚು ಹೊಳೆಯುತ್ತದೆ. ಬಣ್ಣ ತಯಾರಾಗಲು ಅನೇಕ ತಲೆಮಾರು ಬೇಕು. ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು ಎನ್ನುವುದನ್ನು ಆ ಕ್ಷಣದಲ್ಲೇ ತೀರ್ಮಾನಿಸಬಹುದು. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಾಣುವ ಹಾರುವ ಓತಿ ಇದರದೇ ಕುಲದ್ದು, ಗಂಡಿನದ್ದು ಹಳದಿ ಗಂಟಲಪಟ. ತೋಟಕ್ಕೆ ಹೋಗುವವರು ಇನ್ನು ಮುಂದೆ ಸೂರ್ಯ ಯಾವ ಕಡೆ ಇದ್ದಾನೆ ಎಂದೂ ನೋಡಿಕೊಳ್ಳಿ.

ಬೆಳಕು ತೀರಾ ಕಡಿಮೆ ಇರುವಲ್ಲಿ ಬಣ್ಣವನ್ನಷ್ಟೇ ನಂಬಿ ಕೂರಲಾಗುವುದಿಲ್ಲ. ಪೋರ್ಟೊರಿಕೊದ ಬೆಟ್ಟಗಾಡಿನ ಗುಂಡ್ಲಾಕಿ ಎಂಬ ಅನೋಲ್ ದಟ್ಟ ನೆರಳಿನಲ್ಲೇ ಇರುತ್ತದೆ, ಬಿಸಿಲು ಕಾಯಿಸುವುದೂ ಇಲ್ಲ. ನೀಲಿ ಕಣ್ಣಿನ ಚೆಂದದ ಪ್ರಾಣಿ. ಇದು ತಲೆ ಆಡಿಸಲು ಶುರು ಮಾಡುವ ಮೊದಲು ಕೆಲವೊಮ್ಮೆ ನಾಲ್ಕೂ ಕಾಲು ಬಳಸಿ ಇಡೀ ಮೈಯನ್ನು ರಪರಪ ಏರಿಸಿ ಇಳಿಸುತ್ತದೆ. ಟೆರಿ ಆರ್ಡ್ ಮತ್ತು ಜೂಡಿ ಸ್ಟ್ಯಾಂಪ್ಸ್ ಹಲ್ಲಿಯಂಥ ರೋಬೋಟ್ ಮಾಡಿ ಕಾಡಿನಲ್ಲಿಟ್ಟು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲು ಹೀಗೆ ಗಮನ ಸೆಳೆದರೆ ದೂರದ ಹಲ್ಲಿಗಳು ಬೇಗ ತಿರುಗಿ ನೋಡುತ್ತವೆ.

ಇಷ್ಟು ಹೇಳಿದ ಮೇಲೆ, ಬೆಳಕು ತಿಳಿದರೆ ಬಣ್ಣ ಹೇಳಿಬಿಡಬಹುದು ಎಂದು ನೀವು ತೀರ್ಮಾನಿಸಬಾರದು. 2007ರಲ್ಲಿ ನಿಕೋಲ್ಸನ್, ಹಾರ್ಮನ್ ಮತ್ತು ಲೋಸೋಸ್ ಅನೋಲ್‌ಗಳ ಬಹಳಷ್ಟು ಜಾತಿಗಳನ್ನು ಒಟ್ಟಿಗೆ ಹೋಲಿಸಿದರು. ವಾಸದ ಜಾಗಕ್ಕೂ ಗಂಟಲಪಟದ ಬಣ್ಣಕ್ಕೂ ಸರಳವಾದ ನಂಟು ಸಿಗಲಿಲ್ಲ. ನಮ್ಮ ಕಡೆಯ ಉದಾಹರಣೆಯೂ ಇದೆ. ದಖ್ಖನ್ ಬಯಲಿನ ಬೀಸಣಿಗೆ ಗಂಟಲಿನ ಓತಿಗಳಲ್ಲಿ ಸರದ (Sarada) ಎಂಬ ಕುಲದವಕ್ಕೆ ನೀಲಿ, ಕಪ್ಪು, ಕಿತ್ತಳೆ ಮೂರೂ ಸೇರಿದ ಜೋರು ಬಣ್ಣ. ಹತ್ತಿರದ ಸಂಬಂಧಿ ಸಿಟಾನಾದ ಹಲವು ಜಾತಿಗಳಿಗೆ ಬಿಳಿಚು ಗಂಟಲಪಟ. ಎರಡೂ ಬದುಕುವುದು ತೆರೆದ ಬಿಸಿಲಿನಲ್ಲೇ. ಇಲ್ಲಿ ಬೆಳಕೊಂದರಿಂದಲೇ ಉತ್ತರ ಸಿಗುವುದಿಲ್ಲ. ಹೆಣ್ಣಿನ ಆಯ್ಕೆ, ಗಂಡುಗಳ ಜಗಳ, ಪಕ್ಕದಲ್ಲಿ ಇನ್ನಾವ ಜಾತಿ ಇದೆ, ವಂಶದಿಂದ ಬಂದ ವರ್ಣದ್ರವ್ಯ ಯಾವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನನ್ನ ತಿಳಿವಳಿಕೆ ಇಷ್ಟು: ಒಂದು ಜಾಗದಲ್ಲಿ ಯಾವ್ಯಾವ ಬಣ್ಣ ಕೆಲಸಕ್ಕೆ ಬರುವುದಿಲ್ಲ ಎಂದು ಬೆಳಕು ಮೊದಲೇ ತಳ್ಳಿಹಾಕಿಬಿಡುತ್ತದೆ. ಉಳಿದವುಗಳಲ್ಲಿ ಯಾವುದು ಎನ್ನುವುದು ಬೇರೆ ಕಾರಣಗಳ ಕೈಯಲ್ಲಿದೆ.

ತಳ್ಳಿಹಾಕುವ ಈ ಕೆಲಸ ಎಷ್ಟು ಜೋರಾಗಿರಬಹುದು ಎನ್ನುವುದಕ್ಕೆ ಆಫ್ರಿಕಾದ ವಿಕ್ಟೋರಿಯಾ ಸರೋವರದ ಮೀನುಗಳನ್ನು ನೋಡಿ. ನೀರು ತಿಳಿಯಾಗಿದ್ದ ಕಡೆ ಹೆಣ್ಣುಗಳು ಬಣ್ಣ ನೋಡಿ ತಮ್ಮ ಜಾತಿಯ ಗಂಡನ್ನು ಗುರುತಿಸುತ್ತಿದ್ದವು. ನೀರು ಕದಡಿ ರಾಡಿಯಾದ ಕಡೆ ಬಣ್ಣಗಳು ಮಂಕಾಗಿದ್ದವು, ಜಾತಿಗಳ ವೈವಿಧ್ಯವೂ ಕಡಿಮೆಯಾಗಿತ್ತು. 1997ರಲ್ಲಿ ಓಲೆ ಸೀಹೌಸೆನ್ ಮತ್ತು ಜೊತೆಗಾರರು ಇದನ್ನು ವರದಿ ಮಾಡಿದರು. ಯಾರೂ ಆ ಮೀನುಗಳಿಗೆ ಬಲೆ ಹಾಕಬೇಕಾಗಿರಲಿಲ್ಲ, ಬೆಳಕು ಕೆಡಿಸಿದ್ದೇ ಸಾಕಾಯಿತು. ಕಾಡಿನ ಮರಗಳನ್ನು ಅಲ್ಲೊಂದು ಇಲ್ಲೊಂದು ತೆಗೆದಾಗ, ಕಾಫಿ ತೋಟದ ಹಳೆಯ ನೆರಳಿನ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಾಗ, ನಾವು ಮರದ ಸಂಖ್ಯೆ ಎಣಿಸುತ್ತೇವೆ. ಕೆಳಗೆ ಬೀಳುವ ಬೆಳಕಿನ ಬಣ್ಣ, ಪ್ರಮಾಣ ಎರಡೂ ಬದಲಾಗಿರುತ್ತವೆ. ಅದನ್ನೂ ಎಣಿಕೆಗೆ ತರಬೇಕು ಎನ್ನುವುದು ನನ್ನ ಕಳಕಳಿಯ ವಿನಂತಿ.

ಪ್ರಶ್ನೆಗಳಿಗೆ ಬರುತ್ತೇನೆ. ಮೊದಲನೆಯದು ಮುಂದಿನ ಸಾಲಿನ ಹುಡುಗಿಯೊಬ್ಬಳದು. "ಸರ್, ಗೋಸುಂಬೆ ಬಣ್ಣ ಬದಲಿಸೋದು ಅಡಗಿಕೊಳ್ಳೋಕೇ ಅಲ್ವಾ?"

ಅಡಗುವುದಕ್ಕೂ ಹೌದಮ್ಮ. ಆದರೆ ಬಣ್ಣ ಬದಲಿಸುವ ಶಕ್ತಿ ಅಷ್ಟು ಬೆಳೆಯಲು ಅದು ಮುಖ್ಯ ಕಾರಣ ಅಲ್ಲ ಎಂದು ಕಾಣುತ್ತದೆ. ಡೆವಿ ಸ್ಟುವರ್ಟ್-ಫಾಕ್ಸ್ ಮತ್ತು ಅದ್ನಾನ್ ಮುಸಾಲಿ ದಕ್ಷಿಣ ಆಫ್ರಿಕಾದ ಕುಬ್ಜ ಗೋಸುಂಬೆಗಳ 21 ವಂಶಗಳನ್ನು ಹೋಲಿಸಿ 2008ರಲ್ಲಿ ತೋರಿಸಿದ್ದು ಇದು. ಬಗೆಬಗೆಯ ಹಿನ್ನೆಲೆಯ ನಡುವೆ ಬದುಕುವವು ಹೆಚ್ಚು ಬಣ್ಣ ಬದಲಿಸುತ್ತಿರಲಿಲ್ಲ. ತಮ್ಮವರಿಗೆ ಎದ್ದು ಕಾಣುವ ಪ್ರದರ್ಶನ ಇರುವವು ಹೆಚ್ಚು ಬದಲಿಸುತ್ತಿದ್ದವು. ದೂರ ಹೋಗಬೇಕಿಲ್ಲ, ನಮ್ಮ ದಕ್ಷಿಣದ ಕಲ್ಲುಬೆಟ್ಟಗಳ ಬಂಡೆ ಓತಿಯನ್ನು ನೋಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮರಿಯಾ ಥಾಕರ್ 2017ರಲ್ಲಿ ಇದರ ಗಂಡುಗಳ ಬಗ್ಗೆ ಬರೆದಿದ್ದಾರೆ. ಹೆಣ್ಣಿನ ಎದುರು ಬಣ್ಣಗಳ ವ್ಯತ್ಯಾಸ ಜಾಸ್ತಿ ಮಾಡಿ ತೋರಿಸುತ್ತವೆ. ಎದುರಾಳಿ ಗಂಡಿನ ಮುಂದೆ ಅಷ್ಟು ವ್ಯತ್ಯಾಸ ಇಲ್ಲ, ಆದರೆ ಬಣ್ಣ ಬದಲಾಗುವ ವೇಗ ಹೆಚ್ಚು.

ಎರಡನೆಯ ಪ್ರಶ್ನೆ ತೋಟ ಇರುವ ಹಿರಿಯರೊಬ್ಬರದು. "ನಮ್ಮಲ್ಲಿ ಓತಿಗಳು ಬೇಕಾದಷ್ಟಿವೆ. ಮೊಬೈಲಲ್ಲಿ ಫೋಟೋ ತೆಗೆದು ಕಳಿಸಿದರೆ ಇಂಥ ಅಧ್ಯಯನಕ್ಕೆ ಉಪಯೋಗ ಆಗುತ್ತಾ?"

ಆಗುತ್ತದೆ ಸರ್, ಆದರೆ ಎರಡು ವಿಷಯ ಗಮನದಲ್ಲಿರಲಿ. ಮೊಬೈಲ್ ಕ್ಯಾಮೆರಾಕ್ಕೆ ನೇರಳಾತೀತ ಬೆಳಕು ದಾಖಲಾಗುವುದಿಲ್ಲ, ಹಾಗಾಗಿ ಓತಿ ನೋಡುವ ಬಣ್ಣದ ಒಂದು ಪಾಲು ಅದರಲ್ಲಿ ಇರುವುದೇ ಇಲ್ಲ. ಎರಡನೆಯದು, ಅದರ ಆಟೋ ವೈಟ್ ಬ್ಯಾಲೆನ್ಸ್. ನೆರಳಿನ ನೀಲಿ, ಎಲೆಯ ಹಸಿರು, ಸಂಜೆಯ ಛಾಯೆ ಎಲ್ಲವನ್ನೂ ಅದು ಸರಿಪಡಿಸಿ ಬಿಳಿ ಬೆಳಕಿನಲ್ಲಿ ತೆಗೆದಂತೆ ಮಾಡಿಬಿಡುತ್ತದೆ. ನಾವು ಹುಡುಕುತ್ತಿರುವುದನ್ನೇ ಅಳಿಸುತ್ತದೆ ಅನ್ನಿ. ಅದಕ್ಕೇ ಆ ಸೆಟ್ಟಿಂಗನ್ನು ಆಟೋದಿಂದ ತೆಗೆದು ಹಗಲು ಬೆಳಕಿಗೆ ಇಡಿ. ಓತಿ ಹೋದ ಮೇಲೆ ಅದು ಕೂತಿದ್ದ ಜಾಗದಲ್ಲೇ ಒಂದು ಬಿಳಿ ಕಾಗದ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಸಮಯ, ಮೋಡ ಇತ್ತೋ ಇಲ್ಲವೋ, ಸೂರ್ಯ ಓತಿಯ ಹಿಂದಿದ್ದನೋ ಮುಂದಿದ್ದನೋ, ಮೇಲೆ ಅಡಿಕೆಯ ನೆರಳೋ ಕಾಡುಮರದ ನೆರಳೋ, ಇಷ್ಟನ್ನು ಫೋಟೋ ಜೊತೆಗೆ ಬರೆದಿಡಿ. ಗಂಟಲಪಟ ಬಿಚ್ಚಿದಾಗಿನ ಫೋಟೋ ಸಿಕ್ಕರೆ ತುಂಬ ಒಳ್ಳೆಯದು. ಆದರೆ ಅದಕ್ಕಾಗಿ ಅದನ್ನು ಕೆಣಕುವುದು, ಹಿಡಿಯುವುದು ಬೇಡ. ಸ್ವಲ್ಪ ದೂರದಲ್ಲಿ ಅಲುಗಾಡದೆ ಕಾದರೆ ಅದೇ ಬಿಚ್ಚುತ್ತದೆ.